ರೇಣುಕಮ್ಮ ಹೇಳದೆ ಹೋದ ಮಾತು

“ತವರಿನ ಸೀರೆ ಬರೋತನಕ ಮುಖ ಮುಚ್ಚಬ್ಯಾಡ್ರೋ,” ಎಂದು ಕಾಳಕ್ಕ ಹೆಣದ ಮೇಲೆ ಎಳೆಯುತ್ತಿದ್ದ ಬಟ್ಟೆಯನ್ನು ಹಿಡಿದು ನಿಲ್ಲಿಸಿದಳು. ಸತ್ತ ರೇಣುಕಮ್ಮನ ಗಂಡನ ಅಕ್ಕ ಅವಳು. ಈ ಹೊತ್ತು ಆ ಮನೆಯಲ್ಲಿ ಅವಳ ಮಾತೇ ನಡೆಯಬೇಕು.

“ಮಾವ ಬರಲ್ಲ ಅತ್ತೆ,” ಎಂದ ಮಗ ಹನುಮೇಶ. “ಅವ್ವ ಬದುಕಿದ್ದಾಗಲೇ ಈ ಕಡೆ ತಲೆ ಹಾಕಲಿಲ್ಲ. ಈಗ ಬರ್ತಾನಾ?”

“ಬರ್ತಾನೆ ಸುಮ್ಕಿರು. ಚಿಕ್ಕತಿಮ್ಮಪ್ಪ ಮುಂಗೋಪಿ, ಕಟುಕ ಅಲ್ಲ. ಐಮಂಗಲದ ಕಡೆಯಿಂದ ಬರಬೇಕಲ್ಲ, ಹೊತ್ತಾಗತೈತೆ.”

ಅಂಗಳದ ಬೇವಿನ ಮರದ ಕೆಳಗೆ ಕುಳಿತಿದ್ದ ಮಂಗಳಾ ಆ ಹೆಸರು ಕೇಳಿ ಬೆಚ್ಚಿದಳು. ಚಿಕ್ಕತಿಮ್ಮಪ್ಪ ಅವಳದೇ ಊರಿನವನು. ಅವಳು ಬಿಸಿಯೂಟ ಬೇಯಿಸುವ ಶಾಲೆಯ ಸಮಿತಿಗೆ ಬಹುಕಾಲ ಅಧ್ಯಕ್ಷನಾಗಿದ್ದವನು. ಅವನು ರೇಣುಕಮ್ಮನ ಒಡಹುಟ್ಟಿದ ಅಣ್ಣ ಎಂಬುದು ಇಷ್ಟು ವರ್ಷಗಳಲ್ಲಿ ಅವಳಿಗೆ ಗೊತ್ತೇ ಇರಲಿಲ್ಲ. ರೇಣುಕಮ್ಮ ಅದನ್ನೂ ಹೇಳಿರಲಿಲ್ಲ.

ಅವನು ತನ್ನನ್ನು ಇಲ್ಲಿ ನೋಡಿದರೆ? ಇಷ್ಟು ದೂರದ ಈ ಬಿ.ದುರ್ಗಕ್ಕೆ ಮಣ್ಣಿಗೆ ನೀನ್ಯಾಕೆ ಬಂದೆ, ರೇಣುಕಮ್ಮ ನಿನಗೇನಾಗಬೇಕು ಎಂದರೆ? ಎದ್ದು ಹೊಳಲ್ಕೆರೆಯ ಬಸ್ಸು ಹಿಡಿದುಬಿಡೋಣ ಎನ್ನಿಸಿತು. ಆದರೆ ಏಳಲಿಲ್ಲ. ಆ ಮುಖವನ್ನು ಇನ್ನು ಸ್ವಲ್ಪ ಹೊತ್ತು ಮಾತ್ರ ನೋಡಬಹುದು.

ಪಕ್ಕದಲ್ಲಿ ಕುಳಿತ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

“ಜೀವಮಾನವೆಲ್ಲ ಆಪರೇಷನ್ ಥಿಯೇಟ್ರಲ್ಲಿ ನರ್ಸಾಗಿದ್ಲು. ಯಾರಿಗೇನಾಗಿತ್ತು ಅಂತ ಒಂದಿನಾನಾದ್ರೂ ಬಾಯಿ ಬಿಟ್ಟಳಾ?”

“ಸಂತೇಲಿ ಎದುರಿಗೆ ಸಿಕ್ಕರೂ ನೋಡದಂಗೆ ಹೋಗೋಳು ಕಣೆ. ಸೊಕ್ಕು ಅಂದ್ಕಂಡಿದ್ದೆ ನಾನು.”

ಮಂಗಳಾಳಿಗೂ ಒಮ್ಮೆ ಹಾಗೇ ಅನ್ನಿಸಿತ್ತು. ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಅತ್ತೆಯ ಜೊತೆ ನಿಂತಿದ್ದಾಗ ರೇಣುಕಮ್ಮ ಗುರುತೇ ಇಲ್ಲದವಳಂತೆ ಪಕ್ಕದಲ್ಲೇ ಹಾದು ಹೋಗಿದ್ದಳು. ಮಂಗಳಾಳ ಕಣ್ಣಲ್ಲಿ ನೀರು ಬಂದಿತ್ತು. ಮತ್ತೊಂದು ದಿನ ಒಬ್ಬಳೇ ಸಿಕ್ಕಾಗ ರೇಣುಕಮ್ಮನೇ ಕೈ ಹಿಡಿದುಕೊಂಡು ಹೇಳಿದ್ದಳು: “ನಾನು ಮಾತಾಡಿಸಿದ್ರೆ, ನಿನಗೆ ಆ ನರ್ಸು ಹೆಂಗೆ ಗೊತ್ತು ಅಂತ ಮನೇಲಿ ಕೇಳ್ತಾರೆ. ನೀನಾಗಿ ಮಾತಾಡಿಸಿದ್ರೆ ಮಾತ್ರ ನಾನು ಮಾತಾಡಾದು. ಬೇಜಾರು ಮಾಡ್ಕಾಬ್ಯಾಡ.”

*

ಮಗಳು ಸ್ವಾತಿ ಹುಟ್ಟುವ ದಿನ ಬೆಳಗ್ಗೆಯೇ ಮಂಗಳಾಳಿಗೆ ನೋವು ಶುರುವಾಗಿತ್ತು. ಗಂಡ ರಾಮಾಂಜನೇಯ ಲಾರಿಯಲ್ಲಿ ಪುಣೆಯ ಕಡೆ ಹೋಗಿದ್ದ. ಅತ್ತೆ ಅವಳನ್ನು ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕರೆದೊಯ್ದಳು. ಮಗು ಅಡ್ಡ ತಿರುಗಿದೆ, ಆಪರೇಷನ್ನೇ ಆಗಬೇಕು ಎಂದು ರಕ್ತ ತೆಗೆದುಕೊಂಡರು. ಸ್ವಲ್ಪ ಹೊತ್ತಿಗೆ ಎಲ್ಲರ ಮುಖವೂ ಬದಲಾಯಿತು. ಅವಳು ಮಲಗಿದ್ದ ಮಂಚದ ಹತ್ತಿರ ಯಾರೂ ಸುಳಿಯಲಿಲ್ಲ. “ಇಲ್ಲಿ ಆಗಲ್ಲ, ಬೇರೆ ಕಡೆ ಕರಕೊಂಡು ಹೋಗಿ,” ಎಂದು ಬಾಗಿಲಲ್ಲೇ ನಿಂತು ಹೇಳಿದರು. ಯಾಕೆ ಎಂದು ಯಾರೂ ಹೇಳಲಿಲ್ಲ.

ಆಟೋದಲ್ಲಿ ನರಳುತ್ತ ಹಿರಿಯೂರಿನ ಸರಕಾರಿ ಆಸ್ಪತ್ರೆಗೆ ಬಂದಳು. ಅಲ್ಲಿ ಮತ್ತೆ ರಕ್ತ ಪರೀಕ್ಷೆ ಆಯಿತು. ಡಾಕ್ಟರ್ ಲಕ್ಷ್ಮೀಕಾಂತ್ ಆಗಿನ್ನೂ ಹೊಸಬರು. ಅವರು ಅತ್ತೆಯನ್ನು ಹೊರಗೆ ಕೂರಲು ಹೇಳಿ, ಸ್ಟೂಲು ಎಳೆದುಕೊಂಡು ಅವಳ ತಲೆಯ ಹತ್ತಿರ ಕುಳಿತರು.

“ನಿಮ್ಮ ರಕ್ತದಲ್ಲಿ ಎಚ್‌ಐವಿ ಇದೆಯಮ್ಮ. ಈಗಲೇ ಆಪರೇಷನ್ ಮಾಡಿದರೆ ಮಗು ಉಳಿಯುತ್ತೆ. ಮಗುಗೆ ಕಾಯಿಲೆ ತಗಲದ ಹಾಗೆ ಔಷಧಿ ಇದೆ. ಮಾಡಲಾ? ನೀವು ಒಪ್ಪಬೇಕು.”

ಅವಳಿಗೆ ಅರ್ಧ ಮಾತು ಕೇಳಿಸಲೇ ಇಲ್ಲ. “ನೀವೂ ಕಳಿಸಿಬಿಡ್ತೀರಾ ಸಾರ್?” ಎಂದಳು.

“ಕಳಿಸೋ ಹಕ್ಕು ನನಗಿಲ್ಲ. ಕಾಯಿಲೆ ನೋಡಿ ರೋಗೀನ ವಾಪಸ್ ಕಳಿಸೋಕೆ ನಾನು ಡಾಕ್ಟರಾಗಿಲ್ಲ.”

“ಅತ್ತೆಗೆ ಗೊತ್ತಾದ್ರೆ ಮನೆ ಒಳಗೆ ಸೇರಿಸಲ್ಲ.”

ಆಗ ಪಕ್ಕದಲ್ಲಿದ್ದ ನರ್ಸು ಬರಿಗೈಯಿಂದಲೇ ಅವಳ ಹಣೆಯ ಬೆವರು ಒರೆಸಿದಳು. ಬೆಳಗಿನಿಂದ ಅವಳನ್ನು ಯಾರೂ ಹಾಗೆ ಮುಟ್ಟಿರಲಿಲ್ಲ.

“ಇದು ನಿನ್ನ ಸುದ್ದಿ ಕಣವ್ವ,” ಎಂದಳು ರೇಣುಕಮ್ಮ. “ಯಾರಿಗೆ ಹೇಳಬೇಕು, ಯಾರಿಗೆ ಬಿಡಬೇಕು ಅನ್ನಾದು ನಿನಗೆ ಸೇರಿದ್ದು. ನಮ್ಮ ಬಾಯಿಂದ ಹೊರಗೆ ಹೋಗಲ್ಲ. ಗಂಡಂಗೆ ಮಾತ್ರ ನೀನೇ ಹೇಳಬೇಕು, ಅವನೂ ತೋರಿಸ್ಕಾಬೇಕು. ಅದಕ್ಕೆ ನಾನು ಜೊತೇಲಿರ್ತೀನಿ.”

ಆಪರೇಷನ್ ಮುಗಿದ ಮೇಲೆ ಅತ್ತೆ ಅನುಮಾನದಿಂದ ಕೇಳಿದಳು: “ಆ ನರ್ಸಿಂಗ್ ಹೋಮಿನವ್ರು ಯಾಕೆ ಕಳಿಸಿದ್ರು? ಇವಳಿಗೆ ಏನೈತೆ?”

“ಚಂದದ ಹೆಣ್ಣು ಮಗು ಐತೆ,” ಎಂದು ರೇಣುಕಮ್ಮ ಕೂಸನ್ನು ಅತ್ತೆಯ ತೊಡೆಯ ಮೇಲಿಟ್ಟಳು.

ಕಾಲ ಬಂದಾಗ ಮಾಡಿದ ಪರೀಕ್ಷೆಯಲ್ಲಿ ಸ್ವಾತಿಗೆ ಏನೂ ಇಲ್ಲ ಎಂದಾಯಿತು. ರಾಮಾಂಜನೇಯ ಮಾತ್ರ ಹೆಂಡತಿಯ ಮಾತಿಗಾಗಲಿ ರೇಣುಕಮ್ಮನ ಮಾತಿಗಾಗಲಿ ಕಿವಿಗೊಡಲಿಲ್ಲ. ಔಷಧಿ ಮುಟ್ಟದೆ ಒಣಗಿ ಒಣಗಿ ತೀರಿಕೊಂಡ.

*

ಚಿಕ್ಕತಿಮ್ಮಪ್ಪ ಬಂದ. ಮುದುಕನಾಗಿದ್ದ. ಕಂಕುಳಲ್ಲಿದ್ದ ಸೀರೆಯನ್ನು ಬಿಚ್ಚಿ, ಯಾರನ್ನೂ ಮಾತಾಡಿಸದೆ ತಂಗಿಯ ಮೈಮೇಲೆ ಹೊದಿಸಿದ. ಹೊದಿಸುತ್ತಿದ್ದಂತೆ ಅಲ್ಲೇ ಕುಸಿದು ಕುಳಿತ.

“ಲೇ ರೇಣೀ, ಒಂದು ಮಾತಿಗೆ ತವರು ಕಳಕಂಡೆಲ್ಲೇ ತಾಯಿ…”

ಅವನ ಅಳು ಇಳಿದ ಮೇಲೆ ಹನುಮೇಶ ಕೇಳಿದ: “ಮಾವ, ನಿಮ್ಮಿಬ್ಬರ ಮಧ್ಯೆ ಏನಾಗಿತ್ತು? ಗೌರಿ ಹಬ್ಬ ಬಂದಾಗೆಲ್ಲ ಅವ್ವ ಬಾಗಿಲಿಗೆ ಬಂದು ರಸ್ತೆ ನೋಡೋಳು. ನನಗೆ ಏನೂ ಹೇಳಲಿಲ್ಲ.”

“ನಿನಗೂ ಹೇಳಲಿಲ್ವಾ?” ಚಿಕ್ಕತಿಮ್ಮಪ್ಪ ಟವೆಲಿನಿಂದ ಮೂಗೊರೆಸಿಕೊಂಡ. “ನಮ್ಮೂರ ಸ್ಕೂಲಿಗೆ ಒಬ್ಬಳು ಅಡುಗೆಯವಳು ಬಂದಿದ್ಲಪ್ಪ. ಗಂಡ ಲಾರಿ ಡ್ರೈವರು, ಕಡ್ಡಿಯಂಗೆ ಒಣಗಿ ಸತ್ತಿದ್ದ. ಅವಳಿಗೂ ಏಡ್ಸ್ ಐತೆ, ಕೆಲಸದಿಂದ ತೆಗೀರಿ ಅಂತ ಜನ ಎದ್ದು ಕುಂತ್ರು. ಅವಳ ಹೆರಿಗೆ ಆದ ಆಸ್ಪತ್ರೇಲಿ ನನ್ನ ತಂಗಿನೇ ಇದಾಳೆ, ಕೇಳ್ಕಂಡು ಬರ್ತೀನಿ ಅಂತ ಹೋದೆ. ಹೂಂ ಅನ್ನು ಇಲ್ಲ ಊಹೂಂ ಅನ್ನು, ಅಷ್ಟೇ ಸಾಕು ಅಂದೆ. ಇವಳೇನಂದ್ಲು ಗೊತ್ತಾ? ‘ಅಡುಗೆ ಮಾಡಿ ಬಡಿಸಿದ್ರೆ ಆ ಕಾಯಿಲೆ ಬರಲ್ಲ, ಇದನ್ನ ಬೇಕಾದ್ರೆ ನಿಮ್ಮೂರಿಗೇ ಬಂದು ಹೇಳ್ತೀನಿ. ಅವಳ ಸುದ್ದಿ ಮಾತ್ರ ಕೇಳಬ್ಯಾಡಣ್ಣ’ ಅಂದ್ಲು. ಒಡಹುಟ್ಟಿದ ಅಣ್ಣ ನಾನು, ಹೇಳು ಅಂದೆ. ‘ಅಣ್ಣ ಅಂತ ಊಟಕ್ಕಿಡ್ತೀನಿ, ಆಸ್ಪತ್ರೆ ಸುದ್ದಿ ಇಡಲ್ಲ’ ಅಂದ್ಲು. ತಟ್ಟೆ ದೂಡಿ ಎದ್ದು ಬಂದೆ. ನನ್ನ ಮಗಳ ಮದುವೆಗೂ ಅವಳನ್ನ ಕರೀಲಿಲ್ಲ.”

“ಆ ಅಡುಗೆಯವಳು?” ಎಂದಳು ಕಾಳಕ್ಕ.

“ಯಾರ ಹತ್ರಾನೂ ರುಜುವಾತು ಇರಲಿಲ್ಲ. ಹಂಗೇ ಉಳಕಂಡ್ಲು.”

“ಯಾರವಳು? ಈಗಲೂ ಇದಾಳಾ?”

ಚಿಕ್ಕತಿಮ್ಮಪ್ಪ ತಲೆ ಎತ್ತಿದ. ಬೇವಿನ ಮರದ ಕೆಳಗೆ, ಸೆರಗಿನಿಂದ ಬಾಯಿ ಒತ್ತಿಹಿಡಿದು ಅಳುತ್ತಿದ್ದ ಮಂಗಳಾ ಅವನ ಕಣ್ಣಿಗೆ ಬಿದ್ದಳು. ಅವನು ಹಾಗೇ ನೋಡುತ್ತ ಉಳಿದ. ಅಂಗಳವೆಲ್ಲ ಅವನ ಬಾಯಿಯನ್ನೇ ನೋಡುತ್ತಿತ್ತು.

“ನೆನಪಿಲ್ಲ ಕಣಕ್ಕ,” ಎಂದ ಚಿಕ್ಕತಿಮ್ಮಪ್ಪ. ಕಣ್ಣು ಕೆಳಗಿಳಿಸಿ ತಂಗಿಯ ಸೀರೆಯ ಮಡಿಕೆ ಸರಿ ಮಾಡತೊಡಗಿದ. “ವಯಸ್ಸಾಯ್ತು. ಹಳೇದೆಲ್ಲ ಎಲ್ಲಿ ನೆನಪಿರತೈತೆ.”

*

ಹೊಲದಲ್ಲಿ ಗಂಡನ ಗುಂಡಿಯ ಪಕ್ಕವೇ ರೇಣುಕಮ್ಮನನ್ನು ಮಣ್ಣು ಮಾಡಿದರು. ನರೆಗೂದಲಿನ ಡಾಕ್ಟರ್ ಲಕ್ಷ್ಮೀಕಾಂತ್ ಜನರ ಹಿಂದೆ ನಿಂತಿದ್ದರು. ಮಂಗಳಾಳನ್ನು ಕಂಡರೂ ತಾವಾಗಿ ಮಾತಾಡಿಸಲಿಲ್ಲ. ಅವಳೇ ಕೈ ಮುಗಿದಾಗ, “ಚೆನ್ನಾಗಿದ್ದೀರಾ?” ಎಂದರು. ಚೆನ್ನಾಗಿದ್ದೀನಿ ಸಾರ್, ನಿಮ್ಮಿಬ್ಬರ ದಯೆ ಎಂದಳು. ಅವರು ಗುಂಡಿಯ ಕಡೆ ನೋಡಿ ತಲೆಯಾಡಿಸಿದರು.

ಹಿಡಿಮಣ್ಣು ಹಾಕಿದವರು ಒಬ್ಬೊಬ್ಬರಾಗಿ ಬದುವಿನ ಆಚೆಗಿದ್ದ ನೀರಿನ ಡ್ರಮ್ಮಿನ ಕಡೆ ಹೋಗುತ್ತಿದ್ದರು. ಚಿಕ್ಕತಿಮ್ಮಪ್ಪ ಅಲ್ಲಿ ಒಬ್ಬನೇ ನಿಂತಿದ್ದ. ಮಂಗಳಾ ನೇರವಾಗಿ ಅವನ ಮುಂದೆ ಹೋಗಿ ನಿಂತಳು.

“ಅಣ್ಣಾರೆ, ನಿಮ್ಮ ತಂಗಿ ತವರು ಬಿಟ್ಟಿದ್ದು ನನ್ನ ಸಲುವಾಗಿ ಅಂತ ಇವತ್ತೇ ಗೊತ್ತಾಗಿದ್ದು. ಗೊತ್ತಿದ್ರೆ ನಾನೇ ನಿಮ್ಮ ಬಾಗಿಲಿಗೆ ಬಂದು ಹೇಳ್ತಿದ್ದೆ. ನನಗೆ ಆ ಕಾಯಿಲೆ ಐತೆ, ಸ್ವಾತಿ ಹುಟ್ಟಿದ ದಿನಾನೇ ಗೊತ್ತಾಗಿದ್ದು. ಮಾತ್ರೆ ತಗತೀನಿ, ಗಟ್ಟಿಮುಟ್ಟಾಗಿದೀನಿ. ಮಗಳಿಗೆ ಏನೂ ಇಲ್ಲ, ಪಿಯುಸಿ ಓದ್ತಾಳೆ. ರೇಣುಕಮ್ಮಾರು ಅವತ್ತು ಒಂದು ಹೂಂ ಅಂದಿದ್ರೆ ನಾವಿಬ್ಬರೂ ಬಾವಿ ನೋಡಬೇಕಾಗಿತ್ತು.”

ದೂರದಲ್ಲಿ ಹನುಮೇಶ ಗುದ್ದಲಿಯಿಂದ ಮಣ್ಣು ತಟ್ಟುತ್ತಿದ್ದ ಸದ್ದು ಕೇಳುತ್ತಿತ್ತು.

“ನನ್ನ ಮೊಮ್ಮಕ್ಕಳು ನಿನ್ನ ಕೈಯಡುಗೆ ಉಂಡೇ ಬೆಳೆದವು,” ಎಂದ ಚಿಕ್ಕತಿಮ್ಮಪ್ಪ. “ಮನೇಲಿ ಸಾರು ಮಾಡಿದ್ರೆ ಮಂಗಳಕ್ಕನ ಸಾರಿನಂಗಿಲ್ಲ ಅಂತಾವೆ.”

“ಊರಿಗೆ ಹೇಳ್ತೀರಾ ಅಣ್ಣಾರೆ?”

“ಏನನ್ನ ಹೇಳಾದು? ನಾನು ಏನೂ ಕೇಳಲಿಲ್ಲ. ನೀನು ಏನೂ ಹೇಳಲಿಲ್ಲ.” ಅವನು ಡ್ರಮ್ಮಿನ ಕಡೆ ಬಾಗಿದ. “ಕೈ ಒಡ್ಡು.”

ಅವನು ಚೊಂಬು ತುಂಬಿ ಅವಳ ಕೈಗೆ ನೀರು ಹೊಯ್ದ. ಬೆರಳ ಸಂದಿನ ಕೆಮ್ಮಣ್ಣು ಹೋಗುವ ತನಕ ನಿಧಾನವಾಗಿ ಹೊಯ್ದ. ಒರೆಸಿಕೊಳ್ಳಲು ಅವಳು ಸೆರಗು ಹುಡುಕುತ್ತಿದ್ದಂತೆ ಹೆಗಲ ಮೇಲಿನ ಟವೆಲು ತೆಗೆದು ಕೊಟ್ಟ. ಅವಳು ಕೈ ಒರೆಸಿ, ಹಿಂಜರಿಯುತ್ತ ವಾಪಸು ಚಾಚಿದಳು. ಚಿಕ್ಕತಿಮ್ಮಪ್ಪ ಒದ್ದೆಯಾದ ಆ ಟವೆಲನ್ನು ತೆಗೆದುಕೊಂಡು, ಎರಡೂ ಕೈಯಿಂದ ಮುಖಕ್ಕೆ ಒತ್ತಿಕೊಂಡು ನಿಂತ.