ಬಾಲದ ಹಲಗೆ

ಲಡಾಯಿಯ ಕಾಲದ ಮಾತು. ಕಲ್ಯಾಣದ ಕಡೆಯಿಂದ ಹಾರಿ ಬಂದ ಸಣ್ಣದೊಂದು ವಿಮಾನ ಎಣ್ಣೆ ತೀರಿ, ದುಬಲಗುಂಡಿಯ ಸಂಗಪ್ಪನ ಹೊಲದಲ್ಲಿ ಇಳಿಯಿತು. ಜೋಳ ಕೊಯ್ದು ಹೊಲ ಬಯಲಾಗಿತ್ತು. ಊರೆಲ್ಲ ಓಡಿ ಬಂದರೂ ಸಂಗಪ್ಪ ಮಾತ್ರ ಬದುವಿನಿಂದ ಏಳಲಿಲ್ಲ. ಹೆಂಡತಿ ಸತ್ಯಮ್ಮ ಜ್ವರದಲ್ಲಿ ತೀರಿಕೊಂಡ ಮೇಲೆ ಅವನಿಗೆ ಯಾವುದೂ ತಟ್ಟುತ್ತಿರಲಿಲ್ಲ. ಉಣ್ಣು ಅಂದರೆ ಉಣ್ಣುತ್ತಿದ್ದ, ಅಷ್ಟೆ.

ವಿಮಾನ ನಡೆಸುತ್ತಿದ್ದ ಗಯಾಸುದ್ದೀನ್ ಎಳೆಯ ಹುಡುಗ, ಮಾತುಗಾರ. ಹೊಲದ ಯಜಮಾನನೆಂದು ಸಂಗಪ್ಪನ ಕೈ ಹಿಡಿದು ಎಲ್ಲ ತೋರಿಸಿದ.

"ನೋಡ್ ಕಾಕಾ, ಕೋಲು ಎಳದ್ರ ಈ ಅಡ್ಡ ಹಲಗಿ ಮ್ಯಾಲೇಳ್ತದ. ಗಾಳಿ ಬಾಲ ಒತ್ತತದ, ಮೂತಿ ಏಳ್ತದ. ರೆಕ್ಕಿ ತುದಿಗಿನ ಹಲಗಿ ಒಂದು ಎದ್ರ ಒಂದು ಇಳೀತದ. ಎದ್ದ ಕಡಿ ವಾಲ್ತದ. ಬಾಲದಾಗ ನಿಂತದಲ್ಲ, ಇದು ಕಾಲಿಂದು. ಒತ್ತಿದ ಕಡಿ ಮೂತಿ ಹೊಳ್ಳತದ. ತಿಳೀತೇನ್?"

"ಹೂಂ," ಅಂದ ಸಂಗಪ್ಪ. ಮಾತು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ.

ಕಾಯಲು ಅವನನ್ನೇ ಬಿಟ್ಟು ಗಯಾಸುದ್ದೀನ್ ಎಣ್ಣೆ ತರಲು ಹುಮನಾಬಾದಕ್ಕೆ ಹೋದ. ಮಧ್ಯಾಹ್ನ ಗಾಳಿ ಎದ್ದಿತು. ಬಾಲದ ನಿಂತ ಹಲಗೆ ಅತ್ತಿತ್ತ ಬಡಿದುಕೊಳ್ಳತೊಡಗಿತು. ಮುರಿದೀತೆಂದು ಸಂಗಪ್ಪ ಎದ್ದು, ಎರಡು ತೊಗರಿ ಕಟ್ಟಿಗೆ ತಂದು, ಎತ್ತಿನ ಮುರಿದ ಕಾಲಿಗೆ ಕಟ್ಟುವ ಹಾಗೆ ಆಚೆ ಈಚೆ ಇಟ್ಟು, ಪುಂಡಿ ಹಗ್ಗದಿಂದ ಬಿಗಿದ. ಮತ್ತೆ ಬದುವಿಗೆ ಬಂದು ಕೂತ.

ಇಳಿಹೊತ್ತಿಗೆ ಲಾರಿಯಲ್ಲಿ ಎಣ್ಣೆ ಬಂತು. ಜನರನ್ನು ದೂರ ಸರಿಸಲು ಪೊಲೀಸ್ ಜವಾನ ನಬೀಸಾಬ್ ಬಂದ. ಕತ್ತಲಾಗುವುದರೊಳಗೆ ಹೋಗಬೇಕೆಂಬ ಅವಸರದಲ್ಲಿ ಗಯಾಸುದ್ದೀನ್ ಬಾಲದ ಕಡೆ ತಿರುಗಿ ನೋಡದೆ ಏರಿ ಕೂತ. ಲಾರಿಯವನು ಮೂತಿಯ ಪಂಖಾ ತಿರುವಿದ.

ಹಗ್ಗ ಹಾಗೇ ಇತ್ತು. ಸಂಗಪ್ಪನಿಗೆ ಅದು ಕಂಡಿತು. ಒತ್ತಿದ ಕಡಿ ಹೊಳ್ಳತದ ಎಂದು ಹುಡುಗ ಹೇಳಿದ್ದೂ ಈಗ ನೆನಪಾಯಿತು. ಏಳಬೇಕು ಅಂದುಕೊಂಡ, ಮೈ ಏಳಲಿಲ್ಲ. ಅಂವಾ ನೋಡ್ತಾನ ಬಿಡು, ಅಂದುಕೊಂಡ. ವಿಮಾನ ಕದಲಿದಾಗ ಎದ್ದು ಅದರ ಕಡೆಗೆ ನಡೆದ, ಓಡಲಿಲ್ಲ.

ನಬೀಸಾಬ್ ರಟ್ಟೆ ಹಿಡಿದ. "ಎಲ್ಲಿಗೆ ಹೊಂಟಿಯೋ ಮುದುಕಾ? ಪಂಖಾ ತಲಿ ಹಾರಸ್ತದ!"

ಸಂಗಪ್ಪ ಬಾಲದ ಕಡೆಗೆ ಕೈ ಮಾಡಿದ. ಹಲಗೆ ಆಡದ ವಿಮಾನ ಓರೆಯಾಗಿ ಹೊಲದಂಚಿನ ಬಾವಿಯ ಕಡೆಗೆ ಹೊರಳಿತು.

"ಕಟ್ಟೀನಿ," ಅಂದ.

"ಏನ್ ಕಟ್ಟೀದಿ?"

"ಬಾಲ ಕಟ್ಟೀನ್ರಿ."

ನಬೀಸಾಬ್ ಸೀಟಿ ಊದುತ್ತ, ಕೈ ಬೀಸುತ್ತ ಓಡಿದ. ಪಂಖಾ ನಿಂತಿತು. ಬಾವಿಯ ಕಟ್ಟೆ ಮೂತಿಯಿಂದ ಒಂದು ಮಾರು ಮಾತ್ರ ದೂರವಿತ್ತು.

ಗಯಾಸುದ್ದೀನ್ ಇಳಿದು ಬಂದು ಹಗ್ಗ ನೋಡಿದ. ಅವನ ತುಟಿ ಬೆಳ್ಳಗಾಗಿತ್ತು. "ಮೊದಲ ಹೇಳಾಕ ಬಾಯಿ ಇರಲಿಲ್ಲೇನ್ ಕಾಕಾ?"

"ಇರಲಿಲ್ರಿ," ಅಂದ ಸಂಗಪ್ಪ.

ಹುಡುಗ ಅವನ ಮುಖವನ್ನೇ ನೋಡಿದ. ಹಗ್ಗ ಬಿಚ್ಚಿ, ಒಂದೊಂದೇ ಹಲಗೆಯನ್ನು ಕೈಯಿಂದ ಆಡಿಸಿ ನೋಡಿ, ಏರಿ ಹೋದ.

ವಿಮಾನ ಗಿಡಗಳ ಮೇಲೆ ಎದ್ದು, ಒಂದು ರೆಕ್ಕೆ ವಾಲಿಸಿ ಹೊರಳಿತು. ಜನ ಹೋ ಎಂದರು. ಸಂಗಪ್ಪನ ಮೊಣಕಾಲು ನಡುಗತೊಡಗಿದವು.

"ಈಗ್ಯಾಕ ನಡಗಾಕತ್ತಿ? ಪಾರಾಗಿ ಹೋದನಲ್ಲ," ಅಂದ ನಬೀಸಾಬ್.

ಸಂಗಪ್ಪ ಎರಡೂ ಕೈಯಿಂದ ಮೊಣಕಾಲು ಒತ್ತಿ ಹಿಡಿದ. ನಡುಕ ನಿಲ್ಲಲಿಲ್ಲ. ನಬೀಸಾಬ್ ಅವನನ್ನು ಅಲ್ಲೇ ಕೂರಿಸಿ, ತಾನೂ ಪಕ್ಕದಲ್ಲಿ ಕೂತ.