ಬಟಾಟೆ ಗಿಡದ ಬಿಳಿ ದಾರ

ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿದೆ, ತೆಂಗಿನ ನಾರಿನಲ್ಲಿ ತಿಕ್ಕಿದರೂ ಹೋಗಿಲ್ಲ, ಸೆರಗಿನೊಳಗೆ ಕೈ ಇಟ್ಟುಕೊಂಡರೆ ಆಯಿತು, ಜಗಲಿಯಲ್ಲಿ ಕೂತ ಮುದುಕಿಯ ಕೈಯನ್ನು ಯಾರು ನೋಡುತ್ತಾರೆ, ಎಲ್ಲರ ಕಣ್ಣೂ ಬಟಾಟೆ ಸಾಲಿನ ಮೇಲೆ — ನನ್ನ ಮಗ ಪೀಟರ್ ಬೊಂಬಾಯಿಯ ಪ್ಯಾಂಟು ಮಡಚಿಕೊಂಡು ಬುಟ್ಟಿ ಹಿಡಿದು ನಿಂತಿದ್ದಾನೆ, ಪಕ್ಕದ ಮನೆಯ ಡೊಮಿನಿಕ್ ಬೇಲಿ ದಾಟಿ ಬಂದಿದ್ದಾನೆ, ಮತ್ತು ಅವಳು, ಸೆಲೀನ್, ನನ್ನ ಸೊಸೆ, ಮೊದಲ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಾಳೆ. ಹಾಕಿಕೋ, ಹಾಕಿಕೋ. ಹಾಸನದ ಹೆಣ್ಣು, ನಮ್ಮ ಕರಾವಳಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ, ಈಗ ಅವಳ ಊರೂ ನಮ್ಮೂರು ಕೆಮ್ಮಣ್ಣೂ ಒಂದೇ ರಾಜ್ಯವಂತೆ, ರಾಜ್ಯ ಒಂದಾದರೆ ಮಣ್ಣು ಒಂದಾಗುತ್ತದೆಯೇ? ಮದುವೆಯಾಗಿ ಆರು ವರ್ಷ, ತೊಟ್ಟಿಲು ಇನ್ನೂ ಅಟ್ಟದ ಮೇಲೆ, ಆದರೆ ಕೆಲಸಕ್ಕೆ ಎತ್ತು, ಬಾವಿಯ ನೀರು, ಕಡೆಯುವ ಕಲ್ಲು, ಹಂದಿಗೂಡು, ನನ್ನ ಮಂಡಿಗೆ ಎಣ್ಣೆ — ಕಳೆದ ಸಲ ಪೀಟರ್ ಬೊಂಬಾಯಿಯ ಕೆಲಸದಿಂದ ರಜೆಗೆ ಬಂದಾಗ ನನ್ನನ್ನೂ ಬೊಂಬಾಯಿಗೆ ಕರೆದುಕೊಂಡು ಹೋಗಿ ಎಂದು ಕಾಲು ಹಿಡಿದು ಅತ್ತಳು, ಅವನು ನಕ್ಕ, ಈ ಊರಲ್ಲಿ ಒಂದು ಬುಟ್ಟಿ ಬಟಾಟೆ ಬೆಳೆದು ತೋರಿಸು ಮಾರಾಯ್ತಿ, ಬುಟ್ಟಿಯ ಜೊತೆ ನಿನ್ನನ್ನೂ ಹಡಗು ಹತ್ತಿಸುತ್ತೇನೆ. ಅವನಿಗೆ ತಮಾಷೆ. ಅವಳು ಮರುದಿನವೇ ತವರಿಗೆ ಕಾಗದ ಬರೆದು ಬಿತ್ತನೆ ತರಿಸಿಕೊಂಡಳು. ಅವಳು ಹೋದರೆ ನನಗೆ ಯಾರು, ನನ್ನ ನೀರು ಯಾರು ಸೇದುತ್ತಾರೆ, ಅದನ್ನು ಇಬ್ಬರೂ ಕೇಳಲಿಲ್ಲ.

ಮಳೆ ಹಿಂದಾದ ಮೇಲೆ ನೆಟ್ಟಳು, ಒಂದೊಂದು ತುಂಡಿಗೂ ಒಂದು ಕಣ್ಣು ಇರುವ ಹಾಗೆ ಕತ್ತರಿಸಿ, ಬೂದಿ ಸವರಿ, ಸುಡುಮಣ್ಣು ಹಾಕಿ ಏರಿ ಕಟ್ಟಿ, ದಿನಕ್ಕೆ ಇಪ್ಪತ್ತು ಕೊಡ ನೀರು ಹೊತ್ತು — ನಾನು ನಗುತ್ತಿದ್ದೆ, ಹೂ ಬಿಡುವವರೆಗೂ ನಗುತ್ತಿದ್ದೆ. ಹೂ ಬಿಟ್ಟ ದಿನ ನಗುವುದು ಬಿಟ್ಟೆ, ಗಿಡ ಎಣಿಸಲು ಶುರುಮಾಡಿದೆ. ಎಲೆ ಹಳದಿಯಾದ ಮೇಲೆ ಹದಿನೈದು ದಿನ ನೆಲದಲ್ಲೇ ಬಿಡಬೇಕು ಮಾಂಯ್, ಸಿಪ್ಪೆ ಗಟ್ಟಿಯಾಗ್ತದೆ, ಎಂದು ಅತ್ತೆಗೇ ಪಾಠ ಹೇಳಿದಳು, ಒಳ್ಳೆಯದೇ ಆಯಿತು, ಹದಿನೈದು ದಿನ ನನಗೂ ಸಾಕಿತ್ತು. ಅವಳು ಬಟ್ಟೆ ಒಗೆಯಲು ಹೊಳೆಗೆ ಇಳಿದರೆ ನಾನು ಏರಿಯ ಬದಿಯಿಂದ ಕೈ ತೂರಿಸುತ್ತಿದ್ದೆ, ಕಾವು ಕೂತ ಹೇಂಟೆಯ ಅಡಿಯಿಂದ ಮೊಟ್ಟೆ ತೆಗೆದ ಹಾಗೆ, ಗಿಡ ಅಲ್ಲಾಡಬಾರದು, ಮಣ್ಣು ಮತ್ತೆ ಒತ್ತಿ ಸಮ ಮಾಡಬೇಕು. ಕೊನೆಯ ಗಿಡ ನಿನ್ನೆ. ಎಲ್ಲವೂ ಹಂದಿಗೆ, ಬೇಯಿಸಿ, ತೌಡಿನಲ್ಲಿ ಕಲಸಿ. ಒಂದನ್ನು ಮಾತ್ರ ಉಪ್ಪು ಹಚ್ಚಿ ನಾನೇ ತಿಂದೆ, ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಹಂದಿಯನ್ನು ಇವತ್ತು ಬೆಳಿಗ್ಗೆ ಕಡಿದಾಯಿತು, ಅಮ್ಮಾ, ಈ ಸಲ ಎಂತ ಕೊಬ್ಬು ಹಿಡಿದಿದೆ, ಎಂತ ಹಾಕಿದ್ದೀರಿ, ಎಂದು ಪೀಟರ್ ಕೇಳಿದ. ತೌಡು ಮಗಾ, ಬರೀ ತೌಡು.

ಮೊದಲ ಗಿಡ ಕಿತ್ತಳು, ಏನೂ ಇಲ್ಲ. ಎರಡನೆಯದು, ಇಲ್ಲ. ಐದನೆಯದು, ಆರನೆಯದು, ಈಗ ಎರಡೂ ಕೈಯಿಂದ ಮಣ್ಣು ಬಗೆಯುತ್ತಿದ್ದಾಳೆ, ಡೊಮಿನಿಕ್ ನಗುತ್ತಿದ್ದಾನೆ, ಕಡಲ ಗಾಳಿಗೆ ಬಟಾಟೆ ಆಗ್ತದಾ ಮಾರಾಯ, ಪೀಟರ್ ಬುಟ್ಟಿ ಕವುಚಿ ಹಾಕಿ ಅದರ ಮೇಲೆಯೇ ಕೂತು ಬೀಡಿ ಹಚ್ಚಿದ, ಆಯ್ತಲ್ಲ ಸೆಲೀನ್, ಇನ್ನು ಬೊಂಬಾಯಿ ಮಾತು ಎತ್ತಬೇಡ — ಅವಳು ನಿಂತುಬಿಟ್ಟಳು. ಕೊನೆಯ ಗಿಡದ ಬೇರನ್ನು ಬಿಸಿಲಿಗೆ ಎತ್ತಿ ಹಿಡಿದಿದ್ದಾಳೆ. ಬೇರಿನ ನಡುವೆ ದಾರಗಳು, ಬಿಳಿ, ಒಂದೊಂದರ ತುದಿಯೂ ಕಿತ್ತುಹೋಗಿದೆ, ಹಸಿ. ನನಗೇನು ಗೊತ್ತು? ಕೆಸುವಿನ ಗೆಡ್ಡೆ ಬುಡಕ್ಕೇ ಅಂಟಿ ಕೂರುತ್ತದೆ, ಸುವರ್ಣಗೆಡ್ಡೆಯೂ ಹಾಗೆ, ನಮ್ಮ ಕಡೆಯ ಯಾವ ಗೆಡ್ಡೆಗೆ ದಾರ ಉಂಟು, ಬಟಾಟೆ ಹೊಕ್ಕುಳಬಳ್ಳಿಯಲ್ಲಿ ನೇತಾಡುತ್ತದೆ, ಬಟಾಟೆ ಕಿತ್ತರೂ ಬಳ್ಳಿ ಗಿಡದಲ್ಲೇ ಉಳಿಯುತ್ತದೆ ಎಂದು ನನಗೆ ಯಾರು ಹೇಳಿದ್ದರು? ದಾರವನ್ನು ನೋಡಿದಳು, ನನ್ನ ಸೆರಗನ್ನು ನೋಡಿದಳು. ಹೇಳು, ಹೆಗ್ಗಣ ಎಂದು ಉತ್ತರ ಇಟ್ಟುಕೊಂಡಿದ್ದೇನೆ, ಹೇಳು — ಅವಳು ಗಂಡನ ಕಡೆ ತಿರುಗಿದಳು, ಇನ್ನು ಕೇಳುವುದಿಲ್ಲ, ನಾನು ಇಲ್ಲೇ ಇರ್ತೇನೆ, ಮಾಂಯ್‌ಗೂ ವಯಸ್ಸಾಯ್ತು, ಊಟ ಕೊಡ್ಲಿಕ್ಕೆ ಒಬ್ಬರು ಬೇಕಲ್ವಾ.

ನನಗೆ ಬೇಕಾದದ್ದು ಇದೇ ತಾನೆ, ಈಗ ಊಟದ ತಟ್ಟೆಯಲ್ಲಿ ಕಳ್ಳು ಹಾಕಿ ಬೇಯಿಸಿದ ಇಡ್ಲಿ, ಹಂದಿ ಮಾಂಸ, ಆವಿ ಏಳುತ್ತಿದೆ, ಅವಳು ಚೆಂಬಿನಲ್ಲಿ ನೀರು ತಂದು ನನ್ನ ಪಕ್ಕ ಕೂತಿದ್ದಾಳೆ, ಕೈ ಕೊಡಿ ಮಾಂಯ್, ಸೆರಗಿನೊಳಗಿನಿಂದ ಕೈಯನ್ನು ಎಳೆದಳು, ತಲೆಯ ಪಿನ್ನು ತೆಗೆದು ಒಂದೊಂದೇ ಉಗುರಿನ ಮಣ್ಣು ಕೆರೆಯುತ್ತಿದ್ದಾಳೆ, ಮೆಲ್ಲಗೆ, ತೀರ ಆಳಕ್ಕೆ, ನೋಡಿ ಅಮ್ಮಾ ಎಷ್ಟು ಚೆನ್ನಾಗಿ ನೋಡಿಕೊಳ್ತಾಳೆ ಎಂದು ಪೀಟರ್ ಬಾಯಿ ತುಂಬ ಮಾಂಸ ಇಟ್ಟುಕೊಂಡು ಹೇಳುತ್ತಿದ್ದಾನೆ, ಅವನು ಗುರುವಾರ ಹೊರಡುತ್ತಾನೆ, ಗುರುವಾರದಿಂದ ಈ ಮನೆಯಲ್ಲಿ ಅವಳು ಮತ್ತು ನಾನು, ಅವಳು ಬಡಿಸಿದ್ದನ್ನು ನಾನು ತಿನ್ನಬೇಕು — ಹೆಬ್ಬೆರಳಿನ ಉಗುರಿನಿಂದ ಏನೋ ಎಳೆದಳು, ತಟ್ಟೆಯ ಅಂಚಿಗೆ ಇಟ್ಟಳು, ತಿನ್ನಿ ಮಾಂಯ್, ತಣಿದು ಹೋಗ್ತದೆ — ತಟ್ಟೆಯ ಅಂಚಿನಲ್ಲಿ ಬಿಳಿ ದಾರ, ತುದಿ ಕಿತ್ತುಹೋದ ಬಿಳಿ ದಾರ —