ಎಷ್ಟು ಸಲ ಅಲ್ಲ, ಎಷ್ಟು ಬಂತು?

“ಮುಂಜಾನಿಂದ ಹದಿನೈದ ಸಲ ಒಂದಕ್ಕ ಹೋಗ್ಯಾಳ್ರಿ ನನ್ನ ಮಗಳು! ನೀವ್ ನೋಡಿದ್ರ ಉಚ್ಚಿ ಕಟ್ಟೈತಿ ಅಂತೀರಿ!” ಕುಂದಾಬಾಯಿ ಸಿಡುಕಿದಳು.

ಖಾನಾಪುರದ ಆಶಾ ಕಾರ್ಯಕರ್ತೆ ಕೌಸರ ತನ್ನ ಹಣೆಗೆ ಕೈ ಹಚ್ಚಿದಳು. ಮೊನ್ನೆ ಹೆರಿಗೆಯಾದ ಸಾನಿಕಾ ನಿನ್ನೆ ಸಂಜೆ ದವಾಖಾನೆಯಿಂದ ತವರಿಗೆ ಬಂದಿದ್ದಳು. ಈಗ ಹಳೆಯ ಸೀರೆಯಿಂದ ಬಿಗಿದ ಹೊಟ್ಟೆ ಹಿಡಿದುಕೊಂಡು ಮುಲುಗುತ್ತಿದ್ದಳು.

“ಎಷ್ಟ ಸಲ ಅಂತ ಯಾರ್ ಕೇಳಿದ್ರು ಮಾವಶಿ? ಎಷ್ಟ ಬಂತು? ಸಾನಿಕಾ, ನೀ ಹೇಳವಾ.”

“ನಾಕ ಹನಿ ಅಕ್ಕಾ. ಸೀರಿನೂ ತೊಯ್ತೈತಿ, ಖರೇ ಹೊಟ್ಟಿ ಹಗುರ ಆಗವಲ್ದು.”

“ಗಾಳಿ ಹೊಕ್ಕೈತ್ರಿ. ಅದಕ್ಕ ಬಿಗದ ಕಟ್ಟೇನಿ,” ಎಂದಳು ಕುಂದಾಬಾಯಿ.

“ಗಾಳಿ ಅಲ್ರೀ, ಉಚ್ಚಿ ಚೀಲ ತುಂಬೈತಿ! ತುಳುಕಿದ್ದಷ್ಟ ಹನಿಹನಿ ಬರಾಕತ್ತೈತಿ. ಮೊದಲ ಕಟ್ಟು ಬಿಚ್ರಿ.”

ಬಿಚ್ಚಿದರೆ ಹೊಕ್ಕುಳದ ಕೆಳಗೆ ತೆಂಗಿನಕಾಯಿಯಷ್ಟು ಉಬ್ಬು. ಕೈ ಇಟ್ಟರೆ ಸಾನಿಕಾ ಚೀರಿದಳು.

“ದವಾಖಾನ್ಯಾಗ ಸಿಸ್ಟರ್ ‘ಒಂದಕ್ಕ ಆತೇನು’ ಅಂತ ಕೇಳಲಿಲ್ಲೇನ?”

“ಕೇಳಿದ್ರು. ‘ಆತು ಅನ್ನು, ಲಗೂ ಮನಿಗಿ ಬಿಡ್ತಾರ’ ಅಂದ್ಳು ಅವ್ವ.”

“ಯಾ ಅಲ್ಲಾ! ಉಚ್ಚಿ ಆಕೀದು, ಸಾಕ್ಷಿ ನಿಮ್ದೇನ ಮಾವಶಿ?”

“ನಮ್ಮ ಕಾಲಕ್ಕ ಇದನ್ನೆಲ್ಲಾ ಯಾರ್ ಕೇಳತಿದ್ರು…”

“ನಾಚಿಕೊಂಡು ಯಾರೂ ಹೇಳತಿದ್ದಿಲ್ಲ, ಅಷ್ಟ. ಇದು ಅಪರೂಪಕ್ಕ ಆಗೂದು. ಆದ್ರ ತಡಾ ಮಾಡಿದ್ರ ಚೀಲ ಸೋತು ಹೋಗತೈತಿ. ಮುಂದ ಈಕಿ ತಿಂಗಳಾನಗಟ್ಲೆ ಉಚ್ಚಿ ತಗ್ಯೂ ನಳಿಗಿ ಹಾಕ್ಕೊಂಡ ಇರಬೇಕಾದೀತು. ಇನ್ನೂ ವಾದಾ ಮಾಡ್ತೀರೋ, ಆಂಬುಲೆನ್ಸಿಗೆ ನೂರಾ ಎಂಟಕ್ಕ ಫೋನ್ ಹಚ್ಚಲ್ಯೋ?”

ಕುಂದಾಬಾಯಿ ಮಗಳ ಮುಖ ನೋಡಿದಳು. “ಹಚ್ರಿ.”

ಬೆಳಗಾವಿಯ ದವಾಖಾನೆಯಲ್ಲಿ ನಳಿಕೆ ಹಾಕಿದಾಗ ಒಂದು ಲೀಟರಿಗೂ ಮಿಕ್ಕಿ ಮೂತ್ರ ಬಂತು. ಕುಂದಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾಲ್ಕನೆಯ ದಿನ ನಳಿಕೆ ತೆಗೆದರು. ಮೂತ್ರ ತಾನಾಗಿ ಬಂದರೆ ಮನೆಗೆ, ಬಾರದಿದ್ದರೆ ಮತ್ತೆ ನಳಿಕೆ.

ಅಕ್ಕಂದಿರೇ, ಅತ್ತೆಯರೇ, ಹೆರಿಗೆಯಾಗಿ ಆರು ತಾಸಿನೊಳಗೆ ಬಾಣಂತಿಗೆ ಚೆನ್ನಾಗಿ ಮೂತ್ರವಾಗಬೇಕು. ನಳಿಕೆ ಹಾಕಿದ್ದರೆ, ತೆಗೆದ ಮೇಲೆಯೂ ಅಷ್ಟೇ. ಆಗದಿದ್ದರೆ, ಬರೀ ಹನಿ ಬಂದರೆ, ಕೆಳಹೊಟ್ಟೆ ಉಬ್ಬಿದರೆ, ಮೂತ್ರ ಉರಿದರೆ, ಜ್ವರ ಬಂದರೆ, ಎಷ್ಟೋ ದಿನದ ಮೇಲೂ ಮೂತ್ರ ತಾನಾಗಿ ಸೋರುತ್ತಿದ್ದರೆ, ಸೀರೆ ಬಿಗಿಯುತ್ತ ಕೂರಬೇಡಿ. ದವಾಖಾನೆಗೆ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿ.

ನಳಿಕೆ ತೆಗೆದ ಆ ದಿನ ಕೌಸರ ದವಾಖಾನೆಗೆ ನೋಡಲು ಬಂದಾಗ ಸಾನಿಕಾ ಬಚ್ಚಲಿಗೆ ಹೋಗಿದ್ದಳು. ಕುಂದಾಬಾಯಿ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಳು.

“ಬಂತೇನವಾ?”

“ಅವ್ವಾ, ನೀ ಅಲ್ಲೇ ನಿಂತ್ರ ಹ್ಯಾಂಗ ಬರತೈತಿ? ಸರಿ ಅತ್ತಾಗ!”

ಕೌಸರ ಕುಂದಾಬಾಯಿಯ ರಟ್ಟೆ ಹಿಡಿದು ಕಿಟಕಿಯತ್ತ ಎಳೆದೊಯ್ದಳು. ಇಬ್ಬರೂ ಅಲ್ಲಿಂದಲೇ ಕಿವಿಗೊಟ್ಟರು. ಒಳಗೆ, ಸಿಸ್ಟರ್ ಕೊಟ್ಟ ಅಳತೆಯ ಜಗ್ಗಿನಲ್ಲಿ ಧಾರೆ ಬೀಳುವ ಸದ್ದು ಕೇಳಿತು. ಅದು ಬೇಗನೆ ನಿಲ್ಲಲಿಲ್ಲ.